ಪೊರೆಯ ಶಸ್ತ್ರಚಿಕಿತ್ಸೆಯಲ್ಲಿ ಮಂಪರಿನ ಮದ್ದು

ಮಸಿನಗುಡಿ, ಗೂಡಲೂರು ಕಡೆಯ ಹಿರಿಯರಿಗೆ ಕಣ್ಣಿನ ಪೊರೆ ತೆಗೆಸಲು ಘಟ್ಟ ಇಳಿದು ಕೊಯಮತ್ತೂರಿಗೆ ಹೋಗುವುದೇ ಒಂದು ದಣಿವು. ಅದಕ್ಕಿಂತ ದೊಡ್ಡದು ಭಯ: ಎಚ್ಚರವಿರುವಾಗಲೇ ಕಣ್ಣಿಗೆ ಆಯುಧ ಹಾಕುತ್ತಾರೆಯೇ?

ಸಾಮಾನ್ಯವಾಗಿ ಹೌದು, ಆದರೆ ಕಣ್ಣನ್ನು ಮರಗಟ್ಟಿಸಿದ ಮೇಲೆ. 1884ರಲ್ಲಿ ವಿಯೆನ್ನಾದ ಕಾರ್ಲ್ ಕೊಲ್ಲರ್ ಕೊಕೇನಿನ ಹನಿಗಳಿಂದ ಇದು ಸಾಧ್ಯವೆಂದು ತೋರಿಸಿದನು. ಕರ್ನಾಟಕದ ಊರೂರುಗಳಲ್ಲಿ ಶಿಬಿರ ನಡೆಸಿ ಅಸಂಖ್ಯ ಜನರ ಪೊರೆ ತೆಗೆದ ಡಾ. ಎಂ. ಸಿ. ಮೋದಿಯವರ ಹೆಸರನ್ನು ಅಜ್ಜ-ಅಜ್ಜಿಯರು ಮರೆತಿರಲಾರರು. ಈಗ ಲಿಡೋಕೇನ್, ಬುಪಿವಕೇನ್ ಮುಂತಾದ ಔಷಧಗಳಿವೆ. ಹಲವರಿಗೆ ಹನಿಯೇ ಸಾಕು. ಕೆಲವರಿಗೆ ಕಣ್ಣುಗುಡ್ಡೆಯ ಸುತ್ತ ಚುಚ್ಚುಮದ್ದು ಬೇಕಾಗುತ್ತದೆ.

ಈ ಚುಚ್ಚುಮದ್ದಿಗೆ ಡೆಕ್ಸ್‌ಮೆಡೆಟೊಮಿಡೀನ್ ಎಂಬ ಶಾಮಕವನ್ನು ಕೆಲವು ಮೈಕ್ರೋಗ್ರಾಮ್‌ಗಳಷ್ಟು ಬೆರೆಸುವ ಕ್ರಮವನ್ನು ಭಾರತದ ಹಲವು ವೈದ್ಯರು ಪರೀಕ್ಷಿಸಿದ್ದಾರೆ. 1999ರಲ್ಲಿ ಅಮೆರಿಕದಲ್ಲಿ ತೀವ್ರ ನಿಗಾ ಘಟಕದ ರೋಗಿಗಳಿಗೆಂದು ಅಂಗೀಕಾರ ಪಡೆದ ಔಷಧವಿದು. ಬೆರೆಸಿದಾಗ ಮರಗಟ್ಟುವಿಕೆ ಹೆಚ್ಚು ಹೊತ್ತು ನಿಲ್ಲುತ್ತದೆ, ಕಣ್ಣೊಳಗಿನ ಒತ್ತಡ ತಗ್ಗುತ್ತದೆ, ಅಂಜಿದ ರೋಗಿ ಶಾಂತನಾಗುತ್ತಾನೆ. ಆದರೆ ಕೆಲವೇ ನಿಮಿಷಗಳ ಸರಳ ಶಸ್ತ್ರಚಿಕಿತ್ಸೆಗೆ ಇದು ಎಲ್ಲರಿಗೂ ಬೇಕೆಂದೇನಿಲ್ಲ.

"ಪೂರ್ತಿ ನಿದ್ದೆ ಬರಿಸಿಬಿಡಿ" ಎಂದು ಮನೆಯವರು ಕೇಳುವುದುಂಟು. ವೈದ್ಯರು ಹಿಂಜರಿಯುವುದಕ್ಕೆ ಕಾರಣವಿದೆ. ಅರೆನಿದ್ದೆಯಿಂದ ಬೆಚ್ಚಿ ಎದ್ದವರು ತಲೆ ಕದಲಿಸಿದರೆ ಕಣ್ಣೊಳಗಿನ ಉಪಕರಣ ಅಪಾಯ ತಂದೀತು. ಬೇಕಾದುದು ಕರೆದರೆ ಓಗೊಡುವಷ್ಟು ಲಘುವಾದ ಮಂಪರು. ಇಲ್ಲಿ ಭಾಷೆಯ ಮಾತೂ ಬರುತ್ತದೆ: "ಅಸೆಯಾದೀಂಗ" ಎಂಬ ತಮಿಳು ಸೂಚನೆ ಮಂಪರಿನಲ್ಲಿರುವ ಕನ್ನಡದ ಅಜ್ಜಿಗೆ ಅರ್ಥವಾಗದೆ ಹೋಗಬಹುದು. "ಅಲುಗಾಡಬೇಡಿ", "ಬೆಳಕನ್ನು ನೋಡಿ" ಎಂಬೆರಡು ಸೂಚನೆಗಳನ್ನು ತಮಿಳಿನಲ್ಲಿ ಮೊದಲೇ ಕಲಿಸಿಡುವುದು, ಅಜ್ಜಿಗೆ ತಮಿಳು ಬಾರದೆಂದು ದಾದಿಯರಿಗೆ ತಿಳಿಸುವುದು ಮೊಮ್ಮಕ್ಕಳಿಂದಾಗುವ ಕೆಲಸ.

ಇನ್ನೊಂದು ಕೆಲಸವೂ ಅವರದೇ. ಡೆಕ್ಸ್‌ಮೆಡೆಟೊಮಿಡೀನ್ ನಾಡಿಯನ್ನು ನಿಧಾನಗೊಳಿಸಬಲ್ಲದು, ರಕ್ತದೊತ್ತಡವನ್ನು ಇಳಿಸಬಲ್ಲದು. ಅಟೆನೊಲಾಲ್, ಮೆಟೊಪ್ರೊಲಾಲ್ ಮುಂತಾದ ಮಾತ್ರೆಗಳೂ ನಾಡಿಯನ್ನು ತಗ್ಗಿಸುತ್ತವೆ. ಎರಡೂ ಕೂಡಿದರೆ ಪರಿಣಾಮ ಹೆಚ್ಚುತ್ತದೆ. "ಬಿಪಿ ಮಾತ್ರೆ, ಬಿಳಿ ಬಣ್ಣದ್ದು" ಎಂದರೆ ಅರಿವಳಿಕೆ ತಜ್ಞರಿಗೆ ಏನೂ ತಿಳಿಯದು. ಓದುಬರಹ ಬಲ್ಲ ಮಕ್ಕಳು ಮಾತ್ರೆಯ ಪಟ್ಟಿಯ ಮೇಲಿನ ಹೆಸರನ್ನೂ ಪ್ರಮಾಣವನ್ನೂ ಚೀಟಿಯಲ್ಲಿ ಬರೆದುಕೊಡಲಿ. ಪಟ್ಟಿಯನ್ನೇ ಒಯ್ದರೆ ಇನ್ನೂ ಲೇಸು. ವೈದ್ಯರು ಹೇಳದೆ ಯಾವ ಮಾತ್ರೆಯನ್ನೂ ತಾವಾಗಿ ನಿಲ್ಲಿಸಬಾರದು.

ಶಸ್ತ್ರಚಿಕಿತ್ಸೆಯ ನಂತರ ಎದ್ದು ನಿಂತಾಗ ತಲೆ ಸುತ್ತುವುದುಂಟು. ಮಂಪರು ಪೂರ್ತಿ ಇಳಿದು ವೈದ್ಯರು ಒಪ್ಪುವವರೆಗೆ ಘಟ್ಟ ಹತ್ತುವ ಬಸ್ಸಿಗೆ ಅವಸರ ಬೇಡ, ಜೊತೆಗೊಬ್ಬರು ಇರಲೇಬೇಕು.