ಅಂಗೈಯಗಲದ ಆಟಯಂತ್ರ

ಯಂತ್ರವೊಂದರ ಉತ್ಕೃಷ್ಟತೆಯನ್ನು ಅದರ ವೇಗದಿಂದಲೂ ಬೆಡಗಿನಿಂದಲೂ ಅಳೆಯುವುದು ನಮ್ಮೆಲ್ಲರ ಸ್ವಭಾವ. ಆದರೆ 1989ನೆಯ ಇಸವಿಯ ಏಪ್ರಿಲ್ 21ರಂದು ಜಪಾನಿನಲ್ಲಿ ಮಾರಾಟಕ್ಕೆ ಬಂದ ಪುಟ್ಟ ಯಂತ್ರವೊಂದು ಈ ಅಳತೆಗೋಲನ್ನೇ ಸುಳ್ಳಾಗಿಸಿತು. ಅದರ ತೆರೆಗೆ ಬಣ್ಣವಿರಲಿಲ್ಲ. ಸ್ವಂತ ಬೆಳಕೂ ಇರಲಿಲ್ಲ. ಆದರೂ ಅದು ತನಗಿಂತ ಬಲ್ಲಿದವಾದ ಪ್ರತಿಸ್ಪರ್ಧಿಗಳನ್ನು ಹಿಂದೆ ಹಾಕಿತು. ‘ಗೇಮ್ ಬಾಯ್’ ಎಂಬುದು ಅದರ ಹೆಸರು. ಈ ವಿಸ್ಮಯದ ಕಾರಣವೇನೆಂಬುದನ್ನು ವಿಚಾರಿಸೋಣ.

ಇದನ್ನು ತಯಾರಿಸಿದ ನಿಂಟೆಂಡೊ ಸಂಸ್ಥೆಯು 1889ರಲ್ಲಿ ಕ್ಯೋಟೋ ನಗರದಲ್ಲಿ ಇಸ್ಪೀಟೆಲೆಗಳಂತಹ ಆಟದೆಲೆಗಳನ್ನು ಮಾಡುವುದಕ್ಕಾಗಿ ಹುಟ್ಟಿತು. 1965ರಲ್ಲಿ ಅಲ್ಲಿಯ ಯಂತ್ರಗಳ ಉಸ್ತುವಾರಿಗೆಂದು ಸೇರಿದ ಗುನ್‌ಪೇಯಿ ಯೊಕೊಯಿ ಎಂಬ ತರುಣರು ಮುಂದೆ ಆಟಿಕೆಗಳ ನಿರ್ಮಾಪಕರಾದರು. ಒಮ್ಮೆ ರೈಲಿನಲ್ಲಿ ಪ್ರಯಾಣಿಕರೊಬ್ಬರು ಬೇಸರ ಕಳೆಯಲೆಂದು ಕಿಸೆಯ ಲೆಕ್ಕಯಂತ್ರದ ಗುಂಡಿಗಳನ್ನು ಸುಮ್ಮನೆ ಒತ್ತುತ್ತಿದ್ದುದನ್ನು ಅವರು ಕಂಡರಂತೆ. ಆ ನೋಟದಿಂದ ಮೂಡಿದ ಕಲ್ಪನೆಯೇ 1980ರಲ್ಲಿ ‘ಗೇಮ್ ಅಂಡ್ ವಾಚ್’ ಎಂಬ ಕಿಸೆಯಾಟವಾಯಿತು. ಹೆಬ್ಬೆರಳೊಂದರಿಂದಲೇ ನಾಲ್ಕು ದಿಕ್ಕುಗಳನ್ನು ಸೂಚಿಸಬಲ್ಲ ಶಿಲುಬೆಯಾಕಾರದ ಗುಂಡಿಯು 1982ರಲ್ಲಿ ಈ ಮಾಲಿಕೆಯಲ್ಲಿಯೇ ಕಾಣಿಸಿಕೊಂಡಿತು. ಆದರೆ ಅದರ ತೆರೆಯಲ್ಲಿ ಚಿತ್ರಗಳ ಆಕಾರ ಮೊದಲೇ ನಿಗದಿಯಾಗಿದ್ದುದರಿಂದ ಒಂದು ಯಂತ್ರದಲ್ಲಿ ಬಗೆಬಗೆಯ ಆಟಗಳನ್ನು ಆಡುವಂತಿರಲಿಲ್ಲ. ಆಟವನ್ನು ಬೇರೊಂದು ಬಿಲ್ಲೆಯಲ್ಲಿ ಅಡಗಿಸಿ, ಬೇಕೆಂದಾಗ ಬದಲಿಸುವಂತೆ ಮಾಡಿದುದು ಗೇಮ್ ಬಾಯ್‌ನ ಮುನ್ನಡೆ. ಯೊಕೊಯಿ ಅವರೊಡನೆ ಸಟೊರು ಒಕಾಡ ಎಂಬ ಎಂಜಿನಿಯರರು ಇದರ ರಚನೆಯಲ್ಲಿ ಮುಖ್ಯ ಪಾತ್ರ ವಹಿಸಿದರು.

ಈಗ ಅದರ ತೆರೆಯನ್ನು ನೋಡೋಣ. ದ್ರವಸ್ಫಟಿಕವೆಂಬ ವಸ್ತುವನ್ನು ಎರಡು ಗಾಜಿನ ಫಲಕಗಳ ನಡುವೆ ತೆಳುವಾಗಿ ಹರಡಿದೆ. ಈ ಬಗೆಯ ವಸ್ತುವಿನ ವಿಚಿತ್ರ ಗುಣವನ್ನು 1888ರಲ್ಲಿ ಮೊದಲು ಗಮನಿಸಿದವರು ರೈನಿಟ್ಸರ್ ಎಂಬ ಆಸ್ಟ್ರಿಯದ ಸಸ್ಯವಿಜ್ಞಾನಿ. ವಿದ್ಯುದ್ಬಲವನ್ನು ಪ್ರಯೋಗಿಸಿದೆಡೆಯಲ್ಲಿ ಇದರ ಅಣುಗಳು ತಮ್ಮ ದಿಕ್ಕನ್ನು ಬದಲಿಸುತ್ತವೆ. ಆಗ ಧ್ರುವೀಕೃತ ಬೆಳಕಿಗೆ ತಡೆಯುಂಟಾಗಿ ಆ ಬಿಂದು ಕಪ್ಪಾಗಿ ತೋರುತ್ತದೆ. ಉಳಿದೆಡೆ ಹೊರಗಿನ ಬೆಳಕು ಒಳಹೊಕ್ಕು, ಹಿಂಬದಿಯ ಪದರಕ್ಕೆ ತಾಗಿ, ನಮ್ಮ ಕಣ್ಣಿಗೆ ಮರಳುತ್ತದೆ. ತೆರೆಯು ತಾನಾಗಿ ಬೆಳಗಬೇಕಾಗಿಲ್ಲವಾದುದರಿಂದ ವಿದ್ಯುತ್ತಿನ ವೆಚ್ಚ ಅತ್ಯಲ್ಪ.

ತೆರೆಯಲ್ಲಿ ಅಡ್ಡಲಾಗಿ 160, ಉದ್ದಕ್ಕೆ 144, ಒಟ್ಟು 23,040 ಬಿಂದುಗಳಿವೆ. ಪ್ರತಿ ಬಿಂದುವಿಗೂ ನಾಲ್ಕು ಛಾಯೆಗಳು ಸಾಧ್ಯ. ಇಷ್ಟನ್ನೂ ಬಿಡಿಬಿಡಿಯಾಗಿ ಬರೆಯಲು 5,760 ಬೈಟುಗಳು ಬೇಕು. ಚಿತ್ರವಾದರೋ ಸೆಕೆಂಡಿಗೆ ಸುಮಾರು 60 ಬಾರಿ ಹೊಸದಾಗುತ್ತದೆ. ಯಂತ್ರದ ಮಿದುಳಿಗೆ ಸೆಕೆಂಡಿಗೆ ಸುಮಾರು 42 ಲಕ್ಷ ಸ್ಪಂದನಗಳು ಮಾತ್ರ. ಅಂದರೆ ಒಂದು ಚಿತ್ರದ ಪಾಲಿಗೆ ಸುಮಾರು 70,000. ಅತ್ಯಂತ ಸರಳವಾದ ಕ್ರಿಯೆಗೂ ನಾಲ್ಕು ಸ್ಪಂದನಗಳು ಬೇಕಾದುದರಿಂದ, ಪ್ರತಿ ಸಲವೂ ಇಡೀ ಚಿತ್ರವನ್ನು ಬರೆಯಹೊರಟರೆ ಆಟದ ನಿಯಮಗಳನ್ನು ನಡೆಸಲು ವೇಳೆಯೇ ಉಳಿಯದು.

ಇದಕ್ಕೆ ಕಂಡುಕೊಂಡ ಉಪಾಯವು ಅಚ್ಚುಕೂಟವನ್ನು ಬಲ್ಲವರಿಗೆ ಹೊಸದಲ್ಲ. ಮೊಳೆ ಜೋಡಿಸುವವನು ಪ್ರತಿ ಅಕ್ಷರವನ್ನೂ ಹೊಸದಾಗಿ ಕೊರೆಯುವುದಿಲ್ಲ. ಸಿದ್ಧವಾಗಿರುವ ಮೊಳೆಗಳನ್ನು ಆಯ್ದು ಸಾಲುಗೂಡಿಸುತ್ತಾನೆ. ಹಾಗೆಯೇ ಇಲ್ಲಿಯೂ ಎಂಟು ಬಿಂದುಗಳ ಅಗಲ, ಎಂಟು ಬಿಂದುಗಳ ಉದ್ದದ ಚಿತ್ರದ ತುಣುಕುಗಳು ಸ್ಮೃತಿಯಲ್ಲಿ ಸಿದ್ಧವಾಗಿರುತ್ತವೆ. ತೆರೆಯ ಮೇಲೆ ಇಂತಹ 20 ತುಣುಕುಗಳ 18 ಸಾಲುಗಳು ಹಿಡಿಸುತ್ತವೆ. ಯಾವ ಮನೆಯಲ್ಲಿ ಯಾವ ತುಣುಕು ಎಂಬುದನ್ನು ತಿಳಿಸುವ 360 ಸಂಖ್ಯೆಗಳೇ ಹಿನ್ನೆಲೆಯ ಚಿತ್ರಕ್ಕೆ ಸಾಕು. ಬಿಂದುಗಳನ್ನು ಮೂಡಿಸುವ ಕೆಲಸವನ್ನು ಪ್ರತ್ಯೇಕ ವಿದ್ಯುನ್ಮಂಡಲವೊಂದು ನೋಡಿಕೊಳ್ಳುತ್ತದೆ.

ಮಾಸ್ಕೋದ ಅಲೆಕ್ಸಿ ಪಾಝಿಟ್ನೋವ್ ಅವರು 1984ರಲ್ಲಿ ರಚಿಸಿದ ‘ಟೆಟ್ರಿಸ್’ ಎಂಬ ಆಟವು ಈ ವ್ಯವಸ್ಥೆಗೆ ಹೇಳಿ ಮಾಡಿಸಿದಂತಿದ್ದಿತು. ಅದರಲ್ಲಿ ಮೇಲಿನಿಂದ ಬೀಳುವ ಆಕೃತಿಗಳ ಒಂದೊಂದು ಚೌಕವೂ ಇಂತಹ ಒಂದೊಂದು ತುಣುಕು. ದ್ರವಸ್ಫಟಿಕವು ನಿಧಾನವಾಗಿ ಬದಲಾಗುವುದರಿಂದ ವೇಗವಾಗಿ ಚಲಿಸುವ ಚಿತ್ರಗಳು ಮಸುಕಾಗುತ್ತಿದ್ದುವು; ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಈ ಚೌಕಗಳಿಗೆ ಆ ದೋಷ ಅಷ್ಟಾಗಿ ತಟ್ಟಲಿಲ್ಲ.

1989ರಲ್ಲಿಯೇ ಅಟಾರಿ ಸಂಸ್ಥೆಯ ‘ಲಿಂಕ್ಸ್’, ಮರುವರ್ಷ ಸೇಗಾ ಸಂಸ್ಥೆಯ ‘ಗೇಮ್ ಗಿಯರ್’ ಎಂಬ ಯಂತ್ರಗಳು ಹೊರಬಿದ್ದುವು. ಎರಡಕ್ಕೂ ವರ್ಣಮಯವಾದ, ಬೆಳಗುವ ತೆರೆ. ಆದರೆ ಆ ಬೆಳಕಿನ ಬೆಲೆಯನ್ನು ಬ್ಯಾಟರಿ ತೆರಬೇಕಾಯಿತು: ಆರು ಸೆಲ್ಲುಗಳು ನಾಲ್ಕೈದು ಗಂಟೆಗಳಲ್ಲಿ ಬರಿದಾಗುತ್ತಿದ್ದುವು. ಗೇಮ್ ಬಾಯ್ ನಾಲ್ಕೇ ಸೆಲ್ಲುಗಳಿಂದ ಸುಮಾರು 15 ಗಂಟೆಗಳ ಕಾಲ ನಡೆಯುತ್ತಿದ್ದಿತು. ಕತ್ತಲಲ್ಲಿ ಅದು ನಿರುಪಯುಕ್ತವೆಂಬುದು ನಿಜ. ಆದರೆ ಸೆಲ್ ಮುಗಿದ ಯಂತ್ರವು ಹಗಲಿನಲ್ಲಿಯೂ ನಿರುಪಯುಕ್ತವಷ್ಟೆ! 1998ರಲ್ಲಿ ಬಂದ ಅದರ ವರ್ಣರೂಪವನ್ನೂ ಸೇರಿಸಿದರೆ, ಒಟ್ಟು 11 ಕೋಟಿ 80 ಲಕ್ಷಕ್ಕೂ ಹೆಚ್ಚು ಯಂತ್ರಗಳು ಮಾರಾಟವಾದುವು.

ಹಳತಾಗಿ ಪಳಗಿದ, ಅಗ್ಗವಾದ ತಂತ್ರವನ್ನು ಹೊಸ ದಿಕ್ಕಿನಲ್ಲಿ ಯೋಚಿಸಿ ಬಳಸಬೇಕೆಂಬುದು ಯೊಕೊಯಿ ಅವರ ತತ್ತ್ವ. ಅದು ಸದಾ ಫಲಿಸುವ ಮಂತ್ರವೇನೂ ಆಗಿರಲಿಲ್ಲ. ಅವರೇ ರೂಪಿಸಿದ, 1995ರಲ್ಲಿ ಬಂದ ‘ವರ್ಚುಯಲ್ ಬಾಯ್’ ಯಂತ್ರವನ್ನು ಜನ ಒಲ್ಲೆನೆಂದರು. 1997ರಲ್ಲಿ ಅವರು ರಸ್ತೆಯ ಅಪಘಾತದಲ್ಲಿ ತೀರಿಕೊಂಡರು. ಎಂಜಿನಿಯರಿಂಗ್ ವಿದ್ಯಾರ್ಥಿಗಳು ಅವರ ಪುಟ್ಟ ಯಂತ್ರದಿಂದ ಕಲಿಯಬೇಕಾದುದು ಇಷ್ಟು: ಒಂದು ವಸ್ತುವಿನಲ್ಲಿ ಏನನ್ನು ಸೇರಿಸಬೇಕೆಂದು ಕೇಳುವ ಮೊದಲು, ಅದನ್ನು ಬಳಸುವವನು ಎಲ್ಲಿ, ಎಷ್ಟು ಹೊತ್ತು, ಯಾವ ಸ್ಥಿತಿಯಲ್ಲಿ ಬಳಸುವನೆಂದು ಕೇಳಿಕೊಳ್ಳಬೇಕು. ಏನನ್ನು ಬಿಡಬಹುದೆಂಬುದು ಆಗ ತಾನಾಗಿ ತಿಳಿಯುತ್ತದೆ.