ಇಪ್ಪತ್ತು ವರ್ಷದ ಲೆಕ್ಕ

ವಿಕಿರಣ ಚಿಕಿತ್ಸೆಗೆ ನಮ್ಮ ಊರುಕೇರಿಗಳಲ್ಲಿ ‘ಕರೆಂಟು ಕೊಡುವುದು’ ಎಂದು ಹೇಳುವ ವಾಡಿಕೆಯುಂಟು. ಮಾತು ಶಾಸ್ತ್ರೀಯವಲ್ಲದಿದ್ದರೂ ಪೂರಾ ಸುಳ್ಳೂ ಅಲ್ಲ. ಏಕೆಂದರೆ ಇಂದಿನ ಯಂತ್ರಗಳು ಎಲೆಕ್ಟ್ರಾನುಗಳನ್ನು ವಿದ್ಯುತ್ತಿನ ಬಲದಿಂದಲೇ ಅಟ್ಟಿ, ಲೋಹದ ಬಿಲ್ಲೆಯೊಂದಕ್ಕೆ ಅಪ್ಪಳಿಸುವಂತೆ ಮಾಡಿ, ಆ ಆಘಾತದಿಂದ ಹೊಮ್ಮುವ ಎಕ್ಸ್-ಕಿರಣಗಳನ್ನು ರೋಗಿಯ ದೇಹದೊಳಕ್ಕೆ ಹಾಯಿಸುತ್ತವೆ. ಆ ಗಳಿಗೆಯಲ್ಲಿ ಮಲಗಿದವರಿಗೆ ಬಿಸಿಯೂ ತಾಗದು, ನೋವೂ ತಿಳಿಯದು. ಕೆಲವು ನಿಮಿಷ ಅಲುಗಾಡದೆ ಮಲಗಿದ್ದು ಎದ್ದು ಬಂದರೆ ಆ ದಿನದ ಸರದಿ ತೀರಿತು. ಹೊರಗೆ ಬೆಂಚಿನ ಮೇಲೆ ಕಾದು ಕುಳಿತ ಮನೆಯವರ ಮನಸ್ಸಿನಲ್ಲಿರುವುದು ಒಂದೇ ಪ್ರಶ್ನೆ: ಇದರಿಂದ ಆಯುಸ್ಸು ಬೆಳೆದೀತೆ? ಗಂಟು ಕರಗಿತೇ ಎಂಬುದನ್ನು ವೈದ್ಯರು ಕೆಲವು ತಿಂಗಳಲ್ಲಿ ಹೇಳಬಲ್ಲರು. ಆಯುಸ್ಸಿನ ಮಾತನ್ನು ಹೇಳುವುದಕ್ಕೆ, ಸ್ತನದ ಅರ್ಬುದವೊಂದರ ವಿಷಯದಲ್ಲಿಯೇ, ವೈದ್ಯವಿಜ್ಞಾನಕ್ಕೆ ಹಲವು ದಶಕಗಳು ಹಿಡಿದವು.

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅಮೆರಿಕದ ಬಾಲ್ಟಿಮೋರಿನ ಶಸ್ತ್ರವೈದ್ಯ ವಿಲಿಯಂ ಹಾಲ್‌ಸ್ಟೆಡ್ ಅವರು, ಅರ್ಬುದವು ಹುಟ್ಟಿದ ಸ್ಥಳದಿಂದ ನೆರೆಯ ಭಾಗಗಳಿಗೆ ಹೆಜ್ಜೆಹೆಜ್ಜೆಯಾಗಿ ಹಬ್ಬುವುದೆಂಬ ನಂಬಿಕೆಯಿಂದ, ಸ್ತನವನ್ನೂ ಅದರಡಿಯ ಎದೆಯ ಸ್ನಾಯುಗಳನ್ನೂ ಕಂಕುಳಿನ ದುಗ್ಧಗ್ರಂಥಿಗಳನ್ನೂ ಒಟ್ಟಾಗಿ ಕತ್ತರಿಸಿ ತೆಗೆಯುವ ಕ್ರಮವನ್ನು ರೂಢಿಗೆ ತಂದರು. ಮುಂದಿನ ಮುಕ್ಕಾಲು ಶತಮಾನ ಅದೇ ವೇದವಾಕ್ಯವಾಗಿ ನಿಂತಿತು. 1920ರ ದಶಕದಲ್ಲಿ ಲಂಡನ್ನಿನ ಸೇಂಟ್ ಬಾರ್ಥೊಲೊಮ್ಯೂ ಆಸ್ಪತ್ರೆಯ ಜೆಫ್ರಿ ಕೇನ್ಸ್ ಎಂಬುವರು (ಪ್ರಸಿದ್ಧ ಅರ್ಥಶಾಸ್ತ್ರಜ್ಞ ಕೇನ್ಸರ ತಮ್ಮ, ಶಸ್ತ್ರವೈದ್ಯರಾಗಿದ್ದೂ ಬ್ಲೇಕ್ ಕವಿಯ ಗ್ರಂಥಸೂಚಿಯನ್ನು ಸಿದ್ಧಪಡಿಸಿದ ರಸಿಕ) ರೇಡಿಯಂ ತುಂಬಿದ ಸೂಜಿಗಳನ್ನು ಸ್ತನದೊಳಗೆ ನೆಟ್ಟು, ಅಷ್ಟು ಘೋರವಾಗಿ ಕೊಯ್ಯದೆಯೂ ರೋಗಿಗಳು ಹೆಚ್ಚುಕಡಿಮೆ ಅಷ್ಟೇ ಕಾಲ ಬದುಕುವರೆಂದು ತೋರಿಸಲು ಹೊರಟರು. ಲೋಕ ಕಿವಿಗೊಡಲಿಲ್ಲ. ಲೋಕದ ಹಟದಲ್ಲಿ ಅಹಂಕಾರವಿದ್ದಂತೆ ಒಂದಿಷ್ಟು ನ್ಯಾಯವೂ ಇತ್ತೆಂದು ನನಗೆ ತೋರುತ್ತದೆ: ಯಾರಿಗೆ ಯಾವ ಚಿಕಿತ್ಸೆ ಎಂಬುದನ್ನು ವೈದ್ಯನೇ ಆರಿಸುವಷ್ಟು ಕಾಲ, ಗುಣ ಚಿಕಿತ್ಸೆಯದೋ ಆರಿಸಿಕೊಂಡ ರೋಗಿಗಳ ಅದೃಷ್ಟದ್ದೋ ಎಂದು ಬಿಡಿಸಿ ಹೇಳುವವರು ಯಾರು?

ಆ ಗೊಂದಲವನ್ನು ಕಳೆಯುವ ಉಪಾಯ ಚೀಟಿ ಎತ್ತುವುದು. 1973ರಲ್ಲಿ ಇಟಲಿಯ ಮಿಲಾನಿನಲ್ಲಿ ಉಂಬರ್ತೊ ವೆರೊನೇಸಿಯವರೂ, 1976ರಲ್ಲಿ ಅಮೆರಿಕದ ಪಿಟ್ಸ್‌ಬರ್ಗಿನಲ್ಲಿ ಬರ್ನಾರ್ಡ್ ಫಿಷರರೂ, ಯಾವ ರೋಗಿಗೆ ಯಾವ ಚಿಕಿತ್ಸೆ ಎಂಬುದನ್ನು ಚೀಟಿಯೆತ್ತಿದಂತೆ ದೈವಕ್ಕೆ ಬಿಟ್ಟುಕೊಟ್ಟರು. ಫಿಷರರ ಪ್ರಯೋಗದಲ್ಲಿ ಗುಂಪುಗಳು ಮೂರು: ಸ್ತನವನ್ನೇ ತೆಗೆದವರು, ಗಂಟನ್ನಷ್ಟೇ ತೆಗೆದವರು, ಗಂಟನ್ನು ತೆಗೆದ ಬಳಿಕ ವಿಕಿರಣವನ್ನೂ ಪಡೆದವರು. 1851 ಮಂದಿ ಸ್ತ್ರೀಯರ ಜಾಡನ್ನು ಇಪ್ಪತ್ತು ವರ್ಷ ಹಿಡಿದು ನಡೆದು, 2002ರಲ್ಲಿ ಫಲಿತಾಂಶವನ್ನು ವೈದ್ಯಕೀಯ ಪತ್ರಿಕೆಯೊಂದರಲ್ಲಿ ಪ್ರಕಟಿಸಿದರು. ವೆರೊನೇಸಿಯವರ ಇಪ್ಪತ್ತು ವರ್ಷದ ಲೆಕ್ಕವೂ ಅದೇ ಪತ್ರಿಕೆಯ ಅದೇ ಸಂಚಿಕೆಯಲ್ಲಿ ಬಂದಿತು. ಫಿಷರರ ಪ್ರಯೋಗದಲ್ಲಿ ಬರಿಯ ಗಂಟನ್ನು ತೆಗೆಸಿಕೊಂಡವರಲ್ಲಿ ಶೇಕಡ 39.2 ಮಂದಿಗೆ ಅದೇ ಸ್ತನದಲ್ಲಿ ರೋಗ ಮರುಕಳಿಸಿತ್ತು. ವಿಕಿರಣ ಪಡೆದವರಲ್ಲಿ ಶೇಕಡ 14.3 ಮಂದಿಗೆ ಮಾತ್ರ. ಗಂಟಿನೊಡನೆ ಹೋಗದೆ ಉಳಿದ, ಸೂಕ್ಷ್ಮದರ್ಶಕಕ್ಕೂ ತಪ್ಪಿಸಿಕೊಂಡ ಜೀವಕೋಶಗಳ ಡಿಎನ್‌ಎ ಎಳೆಗಳನ್ನು ಕಿರಣ ತುಂಡರಿಸಿತ್ತು. ಇಷ್ಟಾದರೂ, ಬದುಕುಳಿದವರ ಸಂಖ್ಯೆಯನ್ನು ಎಣಿಸಿ ನೋಡಿದರೆ ಮೂರು ಗುಂಪುಗಳಿಗೂ ಹೇಳಿಕೊಳ್ಳುವಂಥ ವ್ಯತ್ಯಾಸವೇ ಇರಲಿಲ್ಲ.

ಈ ಎಣಿಕೆಯನ್ನು ತೋರಿಸುವ ಚಿತ್ರವನ್ನು ಒಮ್ಮೆ ಹತ್ತಿರದಿಂದ ನೋಡಬೇಕು. ಕಾಗದದ ಎಡಮೇಲ್ತುದಿಯಿಂದ ಒಂದು ಗೆರೆ ಹೊರಡುತ್ತದೆ. ಆಗ ಎಲ್ಲರೂ ಬದುಕಿರುವವರೇ. ಬಲಕ್ಕೆ ಸಾಗಿದಂತೆ ಅದು ಸಣ್ಣ ಸಣ್ಣ ಮೆಟ್ಟಿಲುಗಳಾಗಿ ಇಳಿಯುತ್ತದೆ, ಮೆಟ್ಟಿಲೊಂದೊಂದೂ ಒಂದು ಮರಣ. ಸಂಖ್ಯಾಶಾಸ್ತ್ರದ ಇಷ್ಟು ಒಣ ಚಿತ್ರದೊಳಗೆ ಇಷ್ಟು ಜನರ ಮನೆಯ ದುಃಖ ಅಡಗಿರುವುದನ್ನು ನೆನೆದಾಗಲೆಲ್ಲ ಬೆರಳು ಅದರ ಮೇಲೆ ಮೆಲ್ಲಗೆ ಆಡುತ್ತದೆ. ಫಿಷರರ ಚಿತ್ರದಲ್ಲಿ ಮೂರು ಗೆರೆಗಳೂ ಒಂದರ ಮೇಲೊಂದು ಬಿದ್ದಂತೆ ಇಳಿದುಹೋಗಿದ್ದವು. ಮರುಕಳಿಕೆಯನ್ನು ಅಷ್ಟು ತಡೆದ ಕಿರಣ ಮರಣವನ್ನೇಕೆ ತಡೆಯಲಿಲ್ಲ?

ಕಾರಣ ಎರಡು. ಮೊದಲನೆಯದು ತಕ್ಕಡಿಯದು: ಚಿನ್ನ ತೂಗುವ ಕೆಲಸಕ್ಕೆ ಸೌದೆಯ ತಕ್ಕಡಿ ಹಿಡಿದಂತಾಗಿತ್ತು. ಒಂದೆರಡು ಸಾವಿರ ರೋಗಿಗಳ ಪ್ರಯೋಗದಲ್ಲಿ ನೂರಕ್ಕೆ ಮೂರು ನಾಲ್ಕರ ಅಂತರ ಕಣ್ಣಿಗೆ ಬೀಳುವುದೇ ಇಲ್ಲ. ಆಕ್ಸ್‌ಫರ್ಡಿನ ಸಂಶೋಧಕರು ಇಂಥ 17 ಪ್ರಯೋಗಗಳ 10,801 ಸ್ತ್ರೀಯರ ದಾಖಲೆಗಳನ್ನು ಒಬ್ಬೊಬ್ಬರದಾಗಿ ತರಿಸಿ, ಒಂದೇ ರಾಶಿ ಹಾಕಿ, 2011ರಲ್ಲಿ ಅಳೆದರು. ವಿಕಿರಣದಿಂದ ಹತ್ತು ವರ್ಷದೊಳಗೆ ರೋಗ ಮರುಕಳಿಸುವ ಸಂಭವ ಶೇಕಡ 35ರಿಂದ 19.3ಕ್ಕೆ ಇಳಿದಿತ್ತು, ಹದಿನೈದು ವರ್ಷದೊಳಗೆ ಸ್ತನದ ಅರ್ಬುದದಿಂದಲೇ ಸಾಯುವ ಸಂಭವ ಶೇಕಡ 25.2ರಿಂದ 21.4ಕ್ಕೆ. ಅಂದರೆ ಮೊದಲ ಹತ್ತು ವರ್ಷದಲ್ಲಿ ನಾಲ್ಕು ಮರುಕಳಿಕೆಗಳನ್ನು ತಪ್ಪಿಸಿದರೆ ಹದಿನೈದನೆಯ ವರ್ಷದ ಹೊತ್ತಿಗೆ ಒಂದು ಪ್ರಾಣ ಉಳಿದಿರುತ್ತದೆ. ಮಿಕ್ಕ ಮೂವರಲ್ಲಿ ಕೆಲವರು, ಮರುಕಳಿಸಿದ್ದರೂ ಎರಡನೆಯ ಶಸ್ತ್ರಕ್ರಿಯೆಯಿಂದ ಉಳಿಯುತ್ತಿದ್ದವರು; ಕೆಲವರ ರೋಗ ಮೊದಲೇ ಮೂಳೆಗೋ ಶ್ವಾಸಕೋಶಕ್ಕೋ ಹಾರಿದ್ದು, ಸ್ತನಕ್ಕೆ ಬಿಟ್ಟ ಕಿರಣ ಅದನ್ನು ಮುಟ್ಟಲಾರದಾಗಿತ್ತು.

ಎರಡನೆಯ ಕಾರಣ ಎದೆಗೂಡಿನೊಳಗೇ ಇತ್ತು. 1975ಕ್ಕೆ ಹಿಂದೆ ಮೊದಲಾದ ಪ್ರಯೋಗಗಳನ್ನು ಜ್ಯಾಕ್ ಕ್ಯುಜಿಕ್ ಮತ್ತು ಸಂಗಡಿಗರು 1987ರಲ್ಲಿ ಕೂಡಿಸಿ ನೋಡಿದಾಗ, ಹತ್ತು ವರ್ಷ ದಾಟಿದ ಮೇಲೆ, ವಿಕಿರಣ ಪಡೆದವರಲ್ಲಿಯೇ ಮರಣ ಹೆಚ್ಚೆಂದು ಕಂಡಿತು. ಅರ್ಬುದದ ಖಾತೆಯಲ್ಲಿ ಜಮೆಯಾದ ಆಯುಸ್ಸು ಹೃದಯದ ಖಾತೆಯಲ್ಲಿ ಖರ್ಚಾಗುತ್ತಿತ್ತು. ಎಡಸ್ತನದ ಹಿಂದೆ, ಪಕ್ಕೆಲುಬಿಗೆ ಅಂಟಿದಂತೆ, ಹೃದಯವೂ ಅದರ ಮುಂಭಾಗದ ರಕ್ತನಾಳವೂ ಇರುವುದರಿಂದ, ಹಳೆಯ ಕಾಲದ ಅಗಲವಾದ ಕಿರಣಪುಂಜ ಸ್ತನವನ್ನು ಹಾಯ್ದು ಅವುಗಳ ಮೇಲೂ ಬೀಳುತ್ತಿತ್ತು. ಸ್ವೀಡನ್ ಮತ್ತು ಡೆನ್ಮಾರ್ಕ್ ದೇಶಗಳಲ್ಲಿ 1958ರಿಂದ 2001ರವರೆಗೆ ಚಿಕಿತ್ಸೆ ಪಡೆದ 2168 ಸ್ತ್ರೀಯರ ಹಳೆಯ ಕಡತಗಳನ್ನು ಬಿಚ್ಚಿ, ಪ್ರತಿಯೊಬ್ಬರ ಹೃದಯಕ್ಕೆ ಬಿದ್ದ ಕಿರಣವೆಷ್ಟೆಂದು ಸಾರಾ ಡಾರ್ಬಿ ಮತ್ತು ಸಹೋದ್ಯೋಗಿಗಳು ಲೆಕ್ಕ ಹಾಕಿದರು. ವಿಕಿರಣವನ್ನು ಅಳೆಯುವ ಮಾನ ‘ಗ್ರೇ’. ಎಡಭಾಗದ ರೋಗಿಗಳ ಹೃದಯಕ್ಕೆ ಸರಾಸರಿ 6.6 ಗ್ರೇ, ಬಲಭಾಗದವರಿಗೆ 2.9 ಗ್ರೇ ಬಿದ್ದಿತ್ತು. ಒಂದೊಂದು ಗ್ರೇ ಏರಿದಂತೆ ಹೃದಯಾಘಾತದಂಥ ಕಂಟಕಗಳು ಶೇಕಡ 7.4ರಂತೆ ಏರಿದ್ದವು. ಇಷ್ಟರವರೆಗೆ ನಿರಪಾಯವೆಂಬ ಗಡಿ ಯಾವುದೂ ಕಾಣಲಿಲ್ಲ. ಅಪಾಯ ಮೊದಲ ಐದು ವರ್ಷದೊಳಗೇ ತಲೆಯೆತ್ತಿ ಮೂರನೆಯ ದಶಕದವರೆಗೂ ಬೆನ್ನುಬಿಡಲಿಲ್ಲ. 2013ರಲ್ಲಿ ಬಂದ ಈ ವರದಿಯನ್ನು ಓದಿದವರಿಗೆ, ಐದು ವರ್ಷ ಬದುಕಿದವರೆಲ್ಲ ಗೆದ್ದವರೆಂಬ ರೂಢಿಯ ಮಾತು ಎಷ್ಟು ಮೋಟು ಅಳತೆಯೆಂಬುದು ಮನದಟ್ಟಾಗದೆ ಇರದು.

ಮದ್ದು ಮಾತ್ರ ಆಶ್ಚರ್ಯವಾಗುವಷ್ಟು ಸರಳ. ಎಡಸ್ತನದ ರೋಗಿಯನ್ನು ಮಲಗಿಸಿ, ಕೈಗಳನ್ನು ತಲೆಯ ಮೇಲಕ್ಕೆ ಎತ್ತಿಸಿ, ಚರ್ಮದ ಮೇಲೆ ಮೊದಲೇ ಗುರುತಿಟ್ಟ ಚುಕ್ಕೆಗಳಿಗೆ ಯಂತ್ರದ ಬೆಳಕಿನ ಗೆರೆಗಳನ್ನು ಸರಿಹೊಂದಿಸಿದ ಮೇಲೆ, ಪಕ್ಕದ ಕೋಣೆಯಿಂದ ಧ್ವನಿವರ್ಧಕದಲ್ಲಿ ‘ಉಸಿರು ಜೋರಾಗಿ ಎಳೆದುಕೊಳ್ಳಿ, ಹಿಡಿದುಕೊಳ್ಳಿ ಅಮ್ಮ’ ಎನ್ನುತ್ತಾರೆ. ಶ್ವಾಸಕೋಶ ಬಲೂನಿನಂತೆ ಉಬ್ಬಿ, ಹೃದಯ ಹಿಂದಕ್ಕೂ ಕೆಳಕ್ಕೂ ಸರಿದು, ಎದೆಯ ಗೋಡೆಗೂ ಅದಕ್ಕೂ ನಡುವೆ ಎಡೆಯಾಗುತ್ತದೆ. ಆ ಇಪ್ಪತ್ತು ಕ್ಷಣಗಳಲ್ಲಿ ಕಿರಣ ಹಾಯುತ್ತದೆ. ‘ಬಿಡಿ’ ಎಂದಾಗ ಹೃದಯ ಸ್ವಸ್ಥಾನಕ್ಕೆ ಬರುವ ಹೊತ್ತಿಗೆ ಯಂತ್ರ ನಿಂತಿರುತ್ತದೆ.

ಎಲ್ಲ ಅರ್ಬುದಗಳ ಕಥೆಯೂ ಹೀಗೆ ಕೂದಲು ಸೀಳುವಂಥದ್ದಲ್ಲ. ಗರ್ಭಕಂಠದ ಅರ್ಬುದ ಕೈಮೀರಿ ಹಬ್ಬಿ, ಶಸ್ತ್ರಕ್ರಿಯೆಗೆ ಎಡೆಯಿಲ್ಲದ ಹಂತದಲ್ಲಿದ್ದ 850 ಸ್ತ್ರೀಯರನ್ನು ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯ ವೈದ್ಯರು ಅಭ್ಯಸಿಸಿದಾಗ, ವಿಕಿರಣವೊಂದನ್ನೇ ಪಡೆದವರಲ್ಲಿ ಶೇಕಡ 46 ಮಂದಿಯೂ, ಅದರ ಜೊತೆಗೆ ಸಿಸ್‌ಪ್ಲಾಟಿನ್ ಔಷಧವನ್ನೂ ಪಡೆದವರಲ್ಲಿ ಶೇಕಡ 54 ಮಂದಿಯೂ ಐದು ವರ್ಷ ಬದುಕಿದ್ದರು. ಅಲ್ಲಿ ಕಿರಣವೇ ಆಸರೆ.

ಇದಕ್ಕೆ ವಿರುದ್ಧದ ತುದಿಯಲ್ಲಿರುವುದು ಎಡಿನ್‌ಬರೋದ ಇಯನ್ ಕಂಕ್ಲರ್ ಅವರ ಮುಂದಾಳುತನದಲ್ಲಿ ನಡೆದ, ಸ್ತನದ ಅರ್ಬುದದ್ದೇ ಆದ ಪ್ರಯೋಗ. ಅರವತ್ತೈದು ದಾಟಿದ, ಸಣ್ಣ ಗಂಟಿನ, ಹಾರ್ಮೋನ್ ವಿರೋಧಿ ಮಾತ್ರೆ ಸೇವಿಸುತ್ತಿದ್ದ 1326 ಸ್ತ್ರೀಯರು ಅದರಲ್ಲಿ ಸೇರಿದ್ದರು. ಹತ್ತು ವರ್ಷದಲ್ಲಿ ರೋಗ ಅದೇ ಸ್ತನದಲ್ಲಿ ಮರುಕಳಿಸಿದ್ದು ವಿಕಿರಣ ಪಡೆಯದವರಲ್ಲಿ ಶೇಕಡ 9.5, ಪಡೆದವರಲ್ಲಿ 0.9, ಬದುಕುಳಿದವರು ಅನುಕ್ರಮವಾಗಿ ಶೇಕಡ 80.8 ಮತ್ತು 80.7. ದಿನವೂ ಮಗನನ್ನೋ ಸೊಸೆಯನ್ನೋ ಜೊತೆಗೆ ಕರೆದುಕೊಂಡು, ವಾರಗಟ್ಟಲೆ ಆಸ್ಪತ್ರೆಗೆ ಓಡಾಡಬೇಕಾದ ಅಜ್ಜಿಯೊಬ್ಬಳ ಮುಂದೆ ಈ ನಾಲ್ಕು ಅಂಕಿಗಳನ್ನು ಇಟ್ಟು, ಆರಿಸುವ ಅಧಿಕಾರವನ್ನು ಆಕೆಗೇ ಬಿಡುವ ವೈದ್ಯನು ನನ್ನ ಮಟ್ಟಿಗೆ ಒಳ್ಳೆಯ ವೈದ್ಯ.

ಓಡಾಟವೂ ಈಗ ಕಡಿಮೆಯಾಗುತ್ತಿದೆ. ಫಿಷರರ ಕಾಲದ ಐದು ವಾರದ ಚಿಕಿತ್ಸೆ ಮೂರು ವಾರಕ್ಕೆ ಇಳಿದು, ಬ್ರಿಟನ್ನಿನಲ್ಲಿ 4096 ಮಂದಿಯ ಮೇಲೆ ನಡೆದ ಪ್ರಯೋಗವು 2020ರಲ್ಲಿ, ಒಂದೇ ವಾರದ ಐದು ಸರದಿಗಳಲ್ಲಿ 26 ಗ್ರೇ ಕೊಟ್ಟರೂ ಐದು ವರ್ಷದ ಅಳತೆಯಲ್ಲಿ ರೋಗ ಅಷ್ಟೇ ಹತೋಟಿಯಲ್ಲಿರುವುದೆಂದು ತಿಳಿಸಿತು. ಆ ಪ್ರಯೋಗಕ್ಕೆ ರೋಗಿಗಳು ಸೇರಿದ್ದು 2011ರಿಂದ 2014ರವರೆಗೆ. ಅವರೆಲ್ಲರ ಇಪ್ಪತ್ತನೆಯ ವರ್ಷ ತುಂಬುವುದು 2034ರಲ್ಲಿ.