ರೋಹಿಡಾ: ಹೂವಿಗೆ ಪಟ್ಟ, ಮರಕ್ಕೆ ಕೊಡಲಿ

ಮರುಭೂಮಿ ಅಂದ ಕೂಡಲೇ ನಮ್ಮ ಕಣ್ಣ ಮುಂದೆ ಬರುವುದು ಮರಳು, ಒಂಟೆ, ಮುಳ್ಳುಗಿಡ. ಹೂವು ನೆನಪಾಗುವುದೇ ಇಲ್ಲ. ಆದರೆ ಫೆಬ್ರವರಿ, ಮಾರ್ಚ್ ತಿಂಗಳಲ್ಲಿ ಪಶ್ಚಿಮ ರಾಜಸ್ಥಾನದ ಬಾಡಮೇರ್, ಜೈಸಲ್ಮೇರ್, ಜೋಧ್‌ಪುರ ಕಡೆ ಹೋದವರಿಗೆ ಬೇರೆಯೇ ನೋಟ ಸಿಗುತ್ತದೆ. ಒಣಗಿದ ಹೊಲದ ನಡುವೆ, ಮರಳಿನ ದಿಬ್ಬದ ಪಕ್ಕದಲ್ಲಿ, ಒಂದೊಂದೇ ಮರ ಮೈತುಂಬ ಹೂ ಬಿಟ್ಟು ನಿಂತಿರುತ್ತದೆ. ಒಂದರಲ್ಲಿ ಹಳದಿ, ಇನ್ನೊಂದರಲ್ಲಿ ಕಿತ್ತಳೆ, ಮತ್ತೊಂದರಲ್ಲಿ ಕೆಂಪು. ಇದೇ ರೋಹಿಡಾ. ರಾಜಸ್ಥಾನ ಸರ್ಕಾರ 1983ರಲ್ಲಿ ಇದರ ಹೂವನ್ನು ರಾಜ್ಯ ಹೂವು ಎಂದು ಘೋಷಿಸಿತು. ಇಷ್ಟು ಗೌರವ ಸಿಕ್ಕ ಮರ ತನ್ನ ನೆಲದಲ್ಲೇ ಕಡಿಮೆಯಾಗುತ್ತಾ ಬಂದಿದೆ. ಯಾಕೆ ಅಂತ ತಿಳಿಯಬೇಕಾದರೆ ಮೊದಲು ಮರವನ್ನು ತಿಳಿಯಬೇಕು.

ರೋಹಿಡಾದ ಸಸ್ಯಶಾಸ್ತ್ರೀಯ ಹೆಸರು ಟೆಕೊಮೆಲ್ಲಾ ಅಂಡ್ಯುಲೇಟಾ. ಎಲೆಯ ಅಂಚು ಅಲೆ ಅಲೆಯಾಗಿರುವುದರಿಂದ ಅಂಡ್ಯುಲೇಟಾ ಎಂಬ ಹೆಸರು ಬಂತು. ನಮ್ಮ ಆಕಾಶಮಲ್ಲಿಗೆ, ಬೆಂಗಳೂರಿನ ರಸ್ತೆಗಳ ಜಕರಂಡ, ಮುಂಬಯಿಯ ವಿಕ್ರೋಳಿ ಬಳಿ ಹೆದ್ದಾರಿ ಬದಿಯಲ್ಲಿ ಗುಲಾಬಿ ಬಣ್ಣಕ್ಕೆ ತಿರುಗುವ ತಬೆಬುಯಾ, ಇವೆಲ್ಲ ಇದರದೇ ಕುಟುಂಬದವು. ಜಕರಂಡ, ತಬೆಬುಯಾಗಳು ಅಮೆರಿಕ ಖಂಡದಿಂದ ತಂದು ನೆಟ್ಟ ಮರಗಳು. ರೋಹಿಡಾ ಮಾತ್ರ ಥಾರ್ ಮರುಭೂಮಿಯದೇ ಮಗು. ಗಡಿಯಾಚೆ ಪಾಕಿಸ್ತಾನದ ಒಣ ಪ್ರದೇಶಗಳಲ್ಲೂ ಇದೆ.

ಇದು ಬದುಕುವ ಜಾಗ ಸುಲಭದ್ದಲ್ಲ. ವರ್ಷಕ್ಕೆ 150ರಿಂದ 500 ಮಿಲಿಮೀಟರ್ ಮಳೆ, ಅದೂ ಹೆಚ್ಚಿನದು ಜುಲೈನಿಂದ ಸೆಪ್ಟೆಂಬರ್ ಒಳಗೆ ಬಂದು ಮುಗಿದು ಹೋಗುತ್ತದೆ. ಬೇಸಿಗೆಯಲ್ಲಿ ಬಿಸಿಲು 45 ಡಿಗ್ರಿ ದಾಟುತ್ತದೆ, ‘ಲೂ’ ಎಂಬ ಬಿಸಿಗಾಳಿ ಬೀಸುತ್ತದೆ. ಚಳಿಗಾಲದ ರಾತ್ರಿಗಳಲ್ಲಿ ಕೆಲವೊಮ್ಮೆ ಹಿಮ ಬೀಳುವಷ್ಟು ತಂಪು. ನೆಲ ಮರಳು, ನೀರು ನಿಲ್ಲುವುದಿಲ್ಲ. ರೋಹಿಡಾಕ್ಕೆ ಬೇಕಾದದ್ದೂ ಅಂಥದ್ದೇ ನೆಲ. ಗಟ್ಟಿಯಾದ ದಿಬ್ಬಗಳ ಮೇಲೆ, ದಿಬ್ಬಗಳ ನಡುವಿನ ಬಯಲಲ್ಲಿ ಅದು ಬೆಳೆಯುತ್ತದೆ. ಖೇಜ್ರಿ, ಬೋರೆ, ಕೈರ್, ಎಕ್ಕೆ ಇದರ ನೆರೆಹೊರೆ.

ನೀರೇ ಇಲ್ಲದ ಕಾಲದಲ್ಲಿ ಇದು ಹೂ ಬಿಡುವುದು ಯಾಕೆ? ಆಗ ಸುತ್ತ ಬೇರೆ ಹೂವು ಕಡಿಮೆ. ಗಂಟೆಯಾಕಾರದ ಈ ಹೂವಿನೊಳಗೆ ಮಕರಂದ ಇರುತ್ತದೆ. ಸೂರಕ್ಕಿ, ಪಿಕಳಾರದಂಥ ಹಕ್ಕಿಗಳು, ಜೇನುನೊಣಗಳು ಹುಡುಕಿಕೊಂಡು ಬರುತ್ತವೆ, ಪರಾಗಸ್ಪರ್ಶ ಆಗುತ್ತದೆ. ಆಮೇಲೆ ಬಾಗಿದ ಉದ್ದ ಕಾಯಿ ಬಲಿತು ಮಳೆಗಾಲಕ್ಕೆ ಮುಂಚೆ ಒಡೆಯುತ್ತದೆ. ಬೀಜಕ್ಕೆ ತೆಳ್ಳನೆಯ ರೆಕ್ಕೆ ಇದೆ, ಬೇಸಿಗೆಯ ಗಾಳಿಯೇ ಅದನ್ನು ಹೊತ್ತೊಯ್ಯುತ್ತದೆ. ಬೀಜ ನೆಲಕ್ಕೆ ಬೀಳುವುದಕ್ಕೂ ಮೊದಲ ಮಳೆ ಬರುವುದಕ್ಕೂ ಹೊಂದಿಕೆಯಾಗುತ್ತದೆ.

ಈ ಹೂವಿಗೆ ವಾಸನೆ ಇಲ್ಲ. ಅದಕ್ಕೇ ಮಾರವಾಡದ ಜನ, ನೋಡಲು ಚೆಂದ ಆದರೆ ಗುಣವಿಲ್ಲದ ಮನುಷ್ಯನನ್ನು ‘ರೋಹಿಡಾ ಹೂವು’ ಅಂತ ಹಂಗಿಸುತ್ತಾರೆ. ನಿಜ ಹೇಳಬೇಕೆಂದರೆ ಈ ಮಾತು ಮರಕ್ಕೆ ಮಾಡಿದ ಅನ್ಯಾಯ. ಹಕ್ಕಿಗಳು ಹೂವನ್ನು ಹುಡುಕುವುದು ಮೂಗಿನಿಂದ ಅಲ್ಲ, ಕಣ್ಣಿನಿಂದ. ಬಣ್ಣ ಇದ್ದರೆ ಸಾಕು. ಇನ್ನು ಗುಣದ ವಿಷಯಕ್ಕೆ ಬಂದರೆ, ಅದು ನೆಲದೊಳಗಿದೆ. ರೋಹಿಡಾದ ಬೇರುಗಳು ಮೇಲ್ಪದರದಲ್ಲಿ ಅಕ್ಕಪಕ್ಕಕ್ಕೆ ಹರಡಿ ಬಲೆಯಂತೆ ಮರಳನ್ನು ಹಿಡಿದುಕೊಳ್ಳುತ್ತವೆ. ಗಾಳಿಗೆ ಜಾಗ ಬದಲಿಸುವ ಮರಳು ಹೊಲವನ್ನು, ದಾರಿಯನ್ನು, ಬಾವಿಯನ್ನು ಮುಚ್ಚಿಬಿಡಬಹುದಾದ ಊರಿನಲ್ಲಿ ಇದು ಸಣ್ಣ ಉಪಕಾರವಲ್ಲ. ಎಲೆ, ಹೂವು, ಕಾಯಿ ಆಡು, ಕುರಿ, ಒಂಟೆಗಳಿಗೆ ಮೇವು.

ಆದರೆ ಮರಕ್ಕೆ ಕುತ್ತು ತಂದದ್ದು ಅದರ ಇನ್ನೊಂದು ಗುಣ. ಅದರ ಕಟ್ಟಿಗೆ ಗಟ್ಟಿ, ನಯವಾದ ಹೊಳಪು ಬರುತ್ತದೆ, ಕೆತ್ತನೆಗೆ ಒಗ್ಗುತ್ತದೆ. ತೇಗ ಬೆಳೆಯದ ನಾಡಿನಲ್ಲಿ ಇದನ್ನು ‘ಮಾರವಾಡದ ತೇಗ’ ಅಂತಲೇ ಕರೆಯುತ್ತಾರೆ. ಬಾಡಮೇರಿನ ಕೆತ್ತನೆಯ ಬಾಗಿಲು, ಕುರ್ಚಿ, ಮಂಚಗಳಿಗೆ ಇದೇ ಬೇಕು. ತೊಗಟೆಗೂ ಬೇಡಿಕೆ ಇದೆ. ಆಯುರ್ವೇದದಲ್ಲಿ ರೋಹಿತಕ ಎಂಬ ಹೆಸರಿನಲ್ಲಿ ಯಕೃತ್ತು, ಗುಲ್ಮದ ಕಾಯಿಲೆಗಳಿಗೆ ಅದನ್ನು ಬಳಸುತ್ತಾರೆ. ಕಾಂಡದ ಸುತ್ತಲೂ ತೊಗಟೆ ಸುಲಿದರೆ ಎಲೆಯಲ್ಲಿ ತಯಾರಾದ ಆಹಾರ ಬೇರಿಗೆ ಇಳಿಯುವುದಿಲ್ಲ, ಮರ ನಿಂತಲ್ಲೇ ಸಾಯುತ್ತದೆ. ಇದು ನಿಧಾನವಾಗಿ ಬೆಳೆಯುವ ಮರ. ಒಳ್ಳೆಯ ದಿಮ್ಮಿ ಆಗಲು ದಶಕಗಳೇ ಬೇಕು, ಕಡಿಯಲು ಅರ್ಧ ದಿನ ಸಾಕು.

ಪಕ್ಕದ ಖೇಜ್ರಿಯ ಕಥೆ ನೋಡಿ. ಅದೇ ನಮ್ಮ ಶಮಿ. ಕೊಲ್ಲಿ ರಾಷ್ಟ್ರಗಳಲ್ಲಿ ಇದ್ದು ಬಂದವರು ‘ಗಾಫ್’ ಎಂಬ ಹೆಸರು ಕೇಳಿರುತ್ತೀರಿ, ಅದೂ ಇದೇ. 1730ರಲ್ಲಿ ಜೋಧ್‌ಪುರ ಬಳಿಯ ಖೇಜಡ್ಲಿಯಲ್ಲಿ ಈ ಮರ ಉಳಿಸಲು ಅಮೃತಾದೇವಿಯ ಜೊತೆ 363 ಬಿಷ್ಣೋಯಿಗಳು ಪ್ರಾಣ ಕೊಟ್ಟರು ಅಂತ ಜನ ಇಂದಿಗೂ ನೆನೆಯುತ್ತಾರೆ. ಖೇಜ್ರಿಗೆ ಕೊಡಲಿ ಬಿದ್ದರೆ ಈಗಲೂ ಊರಿಗೆ ಊರೇ ಎದ್ದು ನಿಲ್ಲುವುದುಂಟು. ರೋಹಿಡಾದ ಬೆನ್ನಿಗೆ ಅಂಥ ನೆನಪಿಲ್ಲ, ಇರುವುದು ಬಿರುದು ಮಾತ್ರ. ಗೌರವ ಹೂವಿಗೆ ಸಿಕ್ಕಿತು, ಬೆಲೆ ಕಟ್ಟಿಗೆಗೆ ಸಿಕ್ಕಿತು. ಮಾರುಕಟ್ಟೆಯಲ್ಲಿ ಯಾವುದು ಗೆಲ್ಲುತ್ತದೆ ಅಂತ ಹೇಳಬೇಕಾಗಿಲ್ಲ.

ಉಳಿದ ಕಾರಣಗಳೂ ಇವೆ. ಒಂಟೆಯ ನೇಗಿಲು ಹೊಲದಲ್ಲಿ ತಾನಾಗಿ ಹುಟ್ಟಿದ ಸಸಿಯನ್ನು ಬಳಸಿಕೊಂಡು ಹೋಗುತ್ತಿತ್ತು; ಟ್ರ್ಯಾಕ್ಟರ್ ಕಿತ್ತು ಹಾಕುತ್ತದೆ. ಉಳಿದದ್ದನ್ನು ಆಡುಗಳು ಮೇಯುತ್ತವೆ. ಜೊತೆಗೆ ನಾವು ಬಳ್ಳಾರಿ ಜಾಲಿ ಅಂತ ಕರೆಯುವ, ಅಲ್ಲಿ ವಿಲಾಯತಿ ಬಬೂಲ್ ಎನ್ನುವ ಗಿಡ. ಮರುಭೂಮಿಯನ್ನು ಬೇಗ ಹಸಿರು ಮಾಡಬೇಕು ಅಂತ ಅದನ್ನು ಅಲ್ಲಿ ಬಿತ್ತಿದರು. ಅದು ಹಬ್ಬಿ ಸ್ಥಳೀಯ ಗಿಡಗಳ ಜಾಗ ನುಂಗಿತು. ಕಲಬುರಗಿ, ರಾಯಚೂರು, ಬಳ್ಳಾರಿ ಕಡೆಯವರಿಗೆ ಈ ಕಷ್ಟ ಬಿಡಿಸಿ ಹೇಳಬೇಕಿಲ್ಲ.

ಹಾಗಂತ ಎಲ್ಲ ಮುಗಿದಿಲ್ಲ. ಜೋಧ್‌ಪುರದ ಮೆಹ್ರಾನ್‌ಗಢ ಕೋಟೆಯ ಬುಡದಲ್ಲಿ ರಾವ್ ಜೋಧಾ ಮರುಭೂಮಿ ಉದ್ಯಾನವಿದೆ. 2006ರಿಂದ ಅಲ್ಲಿ ಕಲ್ಲುಬಂಡೆಗಳ ಸಂದಿಯಿಂದ ಬಳ್ಳಾರಿ ಜಾಲಿಯನ್ನು ಬೇರುಸಹಿತ ಕಿತ್ತು, ಆ ನೆಲದ್ದೇ ಗಿಡಮರಗಳನ್ನು ಬೆಳೆಸಿದರು. ಮರುಭೂಮಿಯನ್ನು ಉಳಿಸುವುದು ಅಂದರೆ ಅದನ್ನು ಕಾಡು ಮಾಡುವುದಲ್ಲ, ಅದರ ಮರಗಳನ್ನು ಅದಕ್ಕೇ ಬಿಟ್ಟುಕೊಡುವುದು. ರೋಹಿಡಾ ಉಳಿಯಲು ಸಸಿ ನೆಟ್ಟರಷ್ಟೇ ಸಾಲದು, ಮೊದಲ ಕೆಲವು ವರ್ಷ ಆಡುಗಳಿಂದ ಬೇಲಿ ಕಟ್ಟಿ ಕಾಯಬೇಕು, ಕಡಿಯುವವರು ಅದಕ್ಕಿಂತ ಹೆಚ್ಚು ಬೆಳೆಸಬೇಕು.

ದೂರದ ಊರುಗಳಲ್ಲಿರುವ ನಮ್ಮ ಕೈಯಲ್ಲೂ ಒಂದು ಸಣ್ಣ ಕೆಲಸ ಇದೆ. ಮುಂಬಯಿಯಲ್ಲೋ ದೆಹಲಿಯಲ್ಲೋ ರಾಜಸ್ಥಾನಿ ಕೆತ್ತನೆಯ ಪೀಠೋಪಕರಣ ಕೊಳ್ಳುವಾಗ, ಇದು ಯಾವ ಮರ, ಎಲ್ಲಿಂದ ಬಂತು ಅಂತ ಅಂಗಡಿಯವರನ್ನು ಕೇಳಿ. ಕೇಳುವ ಗಿರಾಕಿ ಹೆಚ್ಚಿದಷ್ಟೂ ಕಡಿಯುವ ಕೈ ಸ್ವಲ್ಪ ಯೋಚನೆ ಮಾಡೀತು.